ಅಭಯ ಪಡೆದವರು ಅಭಯ ಕೊಡಬೇಕು

(ಗೆಂಡೆಹಳ್ಳಿಯಲ್ಲಿ ಜರುಗಿದ ಬಸದಿ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

  

‘ಮಾನವ ಹಕ್ಕುಗಳು ಮತ್ತು ನಿತ್ಯಜೀವನದ ನೀತಿ’ ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ವಿದ್ವಾಂಸನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿದ ವರ್ಷವೇ ತಂದೆಯವರ ಅಂಗಡಿಯಲ್ಲಿ ತಕ್ಕಡಿ ಹಿಡಿದವನು. ಆದುದರಿಂದ ತಕ್ಕಡಿ ಹಿಡಿದವನಿಗೆ ಕಂಡಷ್ಟನ್ನು ಮಾತ್ರ ತಮ್ಮ ಮುಂದೆ ಇಡುತ್ತೇನೆ. ತೂಕದಲ್ಲಿ ಕೊರತೆಯಿದ್ದರೆ ವಿದ್ವಜ್ಜನರು ತುಂಬಿಕೊಡಬೇಕು.

ಮಾನವ ಹಕ್ಕು ಎಂಬ ಮಾತು ಕಿವಿಗೆ ಬಿದ್ದೊಡನೆ ಅದು ಎಲ್ಲಿಯೋ ದೂರದ ವಿಚಾರವೆಂದು ನಮಗೆ ತೋರುತ್ತದೆ. ಎರಡನೆಯ ಮಹಾಯುದ್ಧದ ನರಮೇಧವನ್ನು ಕಂಡು ನಡುಗಿದ ಜಗತ್ತು 1948ರ ಡಿಸೆಂಬರ್ 10ರಂದು ಪ್ಯಾರಿಸ್ ನಗರದಲ್ಲಿ ಸೇರಿ, ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. 48 ರಾಷ್ಟ್ರಗಳು ಪರವಾಗಿ ಮತ ನೀಡಿದವು. 8 ರಾಷ್ಟ್ರಗಳು ತಟಸ್ಥವಾಗಿ ಉಳಿದವು. ವಿರೋಧವಾಗಿ ಒಂದು ಮತವೂ ಬೀಳಲಿಲ್ಲ. ಆ ಘೋಷಣೆಯಲ್ಲಿ 30 ವಿಧಿಗಳಿವೆ. ಅದರ ಕರಡಿನ ಮೊದಲನೆಯ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂದು ಅರ್ಥವಾಗುವಂತಿದ್ದ ಪದವನ್ನು ತೆಗೆಸಿ, ‘ಎಲ್ಲ ಮಾನವರು’ ಎಂದು ಆಗಬೇಕೆಂದು ಹೋರಾಡಿದವರು ನಮ್ಮ ಭಾರತದ ಪ್ರತಿನಿಧಿ ಶ್ರೀಮತಿ ಹಂಸಾ ಮೆಹ್ತಾ ಅವರು. ಮರುವರ್ಷ ಕಳೆದು 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನವೂ ಪ್ರಜೆಗಳಿಗೆ ಮೂಲಭೂತ ಹಕ್ಕುಗಳನ್ನು ಕೊಟ್ಟಿತು. ಇವೆಲ್ಲವೂ ಪತ್ರಿಕೆಯಲ್ಲಿ ಓದುವ, ನ್ಯಾಯಾಲಯದಲ್ಲಿ ವಾದಿಸುವ ಸಂಗತಿಗಳೆಂದು ನಾವು ತಿಳಿದಿದ್ದೇವೆ. ಆದರೆ ಧರ್ಮಬಾಂಧವರೇ, ಈ ಹಕ್ಕಿನ ಮಾತು ಪ್ಯಾರಿಸ್ಸಿಗಿಂತ ಬಹಳ ಮುಂಚೆಯೇ ನಮ್ಮ ಹಾಸನ ಜಿಲ್ಲೆಯ ಕಲ್ಲಿನ ಮೇಲೆ ಕೆತ್ತಲ್ಪಟ್ಟಿದೆ. ಅಂತಹ ಎರಡು ಕಲ್ಲುಗಳನ್ನು ಇಲ್ಲಿ ಸ್ಮರಿಸುತ್ತೇನೆ.

ಮೊದಲನೆಯದು ಶ್ರವಣಬೆಳಗೊಳದ ಭಂಡಾರಿ ಬಸದಿಯ ಆವರಣದಲ್ಲಿರುವ 1368ನೆಯ ಇಸವಿಯ ಶಾಸನ. ಆಗ ವಿಜಯನಗರದಲ್ಲಿ ಬುಕ್ಕರಾಯನ ಆಳ್ವಿಕೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಬೆಳೆದು, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಯ ಜೈನರು ತಮಗಾಗುತ್ತಿರುವ ಅನ್ಯಾಯವನ್ನು ರಾಯನಲ್ಲಿ ಬಿನ್ನವಿಸಿಕೊಂಡರು. ರಾಯನು ಶ್ರೀವೈಷ್ಣವ ಆಚಾರ್ಯರನ್ನೂ ಸಮಸ್ತ ಪ್ರಮುಖರನ್ನೂ ಕರೆಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟು, ಈ ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದನು. ಜೈನರಿಗೆ ಪೂರ್ವಮರ್ಯಾದೆಯಂತೆ ಪಂಚಮಹಾವಾದ್ಯ ಮತ್ತು ಕಲಶಗಳು ಸಲ್ಲುವುವೆಂದು ನಿರ್ಣಯಿಸಿದನು. ಜೈನ ದರ್ಶನಕ್ಕೆ ಆಗುವ ಹಾನಿ ವೃದ್ಧಿಗಳನ್ನು ವೈಷ್ಣವರು ತಮ್ಮದೇ ಹಾನಿ ವೃದ್ಧಿಯೆಂದು ಎಣಿಸಬೇಕು ಎಂದೂ, ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ವೈಷ್ಣವರೇ ನೆಡಿಸಬೇಕು ಎಂದೂ ಆಜ್ಞಾಪಿಸಿದನು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೇ ಶಾಸನದ ಪ್ರತಿಯೊಂದಿದೆ. ಬೆಳಗೊಳದ ದೇವರ ಅಂಗರಕ್ಷೆಗಾಗಿ 20 ಮಂದಿ ಕಾವಲಿನವರನ್ನು ನೇಮಿಸುವ ಹೊಣೆ ತಿರುಮಲೆಯ ತಾತಯ್ಯನವರದಾಯಿತು. ಇದಕ್ಕಾಗಿ ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ. ಕಾವಲಿಗೆ ಕೊಟ್ಟು ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕೆಂದು ಲೆಕ್ಕವೂ ಗೊತ್ತಾಯಿತು.

ಎರಡನೆಯ ಕಲ್ಲು ನಮ್ಮ ತಾಲ್ಲೂಕಿನ ಹಳೇಬೀಡಿನದು. ಅಲ್ಲಿಯ ಪಾರ್ಶ್ವನಾಥ ಬಸದಿಯನ್ನು ಗಂಗರಾಜನ ಮಗನಾದ ಬೊಪ್ಪನು 1133ರಲ್ಲಿ ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದವು ಕೈಸೇರಿದ ಸಮಯದಲ್ಲಿ ವಿಷ್ಣುವರ್ಧನನಿಗೆ ಯುದ್ಧದಲ್ಲಿ ಜಯವೂ ಪುತ್ರೋತ್ಸವವೂ ಒಟ್ಟಿಗೆ ಒದಗಿದ್ದುದರಿಂದ, ವೈಷ್ಣವಭಕ್ತನಾಗಿದ್ದ ಆ ದೊರೆಯು ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ ವೃತ್ತಾಂತ ತಮಗೆಲ್ಲ ತಿಳಿದದ್ದೇ. ಐನೂರು ವರ್ಷಗಳ ಬಳಿಕ, 1638ರಲ್ಲಿ, ಬೇಲೂರಿನ ವೆಂಕಟಾದ್ರಿ ನಾಯಕನ ಕಾಲದಲ್ಲಿ, ಅದೇ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವ ಎಂಬವರು ಲಿಂಗಮುದ್ರೆ ಮಾಡಿದರು. ವಿಜಯಪ್ಪ ಎಂಬ ಜೈನನು ಅದನ್ನು ಅಳಿಸಿದನು. ಊರು ಎರಡಾಗಿ ಒಡೆಯಬಹುದಾಗಿದ್ದ ಗಳಿಗೆ ಅದು. ಆದರೆ ಜೈನ ಶೆಟ್ಟರು ಬಂದು ಬಿನ್ನವಿಸಿಕೊಂಡಾಗ ವೀರಶೈವ ಮಹಾಮಹತ್ತಿನ ಹಿರಿಯರು ಕೂಡಿ ನ್ಯಾಯವನ್ನು ತೀರ್ಮಾನಿಸಿದರು. ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಆಮೇಲೆ ವಿಜಯಪಾರ್ಶ್ವನಾಥನ ಪೂಜೆ, ದೀಪ, ಅಭಿಷೇಕಾದಿಗಳನ್ನು ಪೂರ್ವಪದ್ಧತಿಯಂತೆ ಸೂರ್ಯಚಂದ್ರರಿರುವವರೆಗೆ ನಡೆಸಿಕೊಂಡು ಬರಬಹುದು ಎಂದು ಬರೆದುಕೊಟ್ಟರು. ಇದಕ್ಕೆ ಅಡ್ಡಿ ಮಾಡಿದವನು ಶಿವನಿಗೂ ಜಂಗಮಕ್ಕೂ ದ್ರೋಹಿಯೆಂದು ತಮ್ಮ ಧರ್ಮದ ಆಣೆಯನ್ನೇ ತಮ್ಮ ಮೇಲೆ ಹಾಕಿಕೊಂಡರು.

ಈ ಎರಡು ಶಾಸನಗಳನ್ನು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ವ್ಯಾಪಾರಿಯು ಯಾವ ಪತ್ರವನ್ನೇ ಆಗಲಿ ಓದುವಾಗ ಇದರಲ್ಲಿ ಕೊಟ್ಟದ್ದೆಷ್ಟು, ಪಡೆದದ್ದೆಷ್ಟು, ಹೊಣೆ ಯಾರದು ಎಂದು ನೋಡುತ್ತಾನೆ. ಹಾಗೆ ನೋಡಿದಾಗ ನನಗೆ ಎರಡು ಸಂಗತಿಗಳು ಕಾಣುತ್ತವೆ. ಮೊದಲನೆಯದು, ಆ ಹಕ್ಕಿಗೆ ಬೆಲೆಯಿತ್ತು. ಒಂದು ಕಡೆ ಮನೆಗೊಂದು ಹಣ, ಇನ್ನೊಂದು ಕಡೆ ಮೊದಲ ವಿಭೂತಿ ವೀಳ್ಯ. ಬಲವುಳ್ಳವರ ಮುಂದೆ ಅಲ್ಪಸಂಖ್ಯಾತರಾದ ನಮ್ಮ ಹಿರಿಯರು ಒಂದಿಷ್ಟು ಬಾಗಿಯೇ ತಮ್ಮ ಪೂಜೆಯನ್ನು ಉಳಿಸಿಕೊಂಡರು. ಇದನ್ನು ಮರೆಮಾಚುವ ಅಗತ್ಯವಿಲ್ಲ. ಸಂವಿಧಾನದ 25ನೆಯ ವಿಧಿಯು ಧರ್ಮಸ್ವಾತಂತ್ರ್ಯವನ್ನು ಯಾವ ಹಣವನ್ನೂ ಕೇಳದೆ ಕೊಟ್ಟಿದೆ. 2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದೆ. ಹಿಂದಿನದಕ್ಕೂ ಇಂದಿನದಕ್ಕೂ ಇರುವ ಅಂತರ ಅಷ್ಟು ದೊಡ್ಡದು.

ಎರಡನೆಯದು ಇನ್ನೂ ಮುಖ್ಯವಾದುದು. ಬುಕ್ಕರಾಯನು ಜೈನರಿಗೆ ಹಕ್ಕನ್ನು ಕೊಟ್ಟು ಸುಮ್ಮನಾಗಲಿಲ್ಲ; ಆ ಹಕ್ಕನ್ನು ಕಾಯುವ ಹೊಣೆಯನ್ನು ಎದುರಿನವರ ಕೈಗೆ ಕೊಟ್ಟನು. ಹಳೇಬೀಡಿನಲ್ಲಿ ಆಣೆ ಮಾಡಿದವರು ಜೈನರಲ್ಲ, ವೀರಶೈವರು. ಹಕ್ಕು ಒಬ್ಬನ ಮನೆಯಲ್ಲಿರುತ್ತದೆ, ಅದರ ಕಾವಲು ನೆರೆಮನೆಯವನ ಮನಸ್ಸಿನಲ್ಲಿರುತ್ತದೆ. ನೆರೆಯವನು ತನ್ನ ಹೊಣೆಯನ್ನು ಮರೆತರೆ ಕಲ್ಲಿನ ಶಾಸನವೂ ಬರಿಯ ಕಲ್ಲು. 1947ರಲ್ಲಿ, ಸಾರ್ವತ್ರಿಕ ಘೋಷಣೆಯ ಸಿದ್ಧತೆ ನಡೆಯುತ್ತಿದ್ದಾಗ, ಯುನೆಸ್ಕೋ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜೂಲಿಯನ್ ಹಕ್ಸ್‌ಲಿಯವರು ಮಹಾತ್ಮ ಗಾಂಧೀಜಿಯವರ ಅಭಿಪ್ರಾಯವನ್ನು ಕೇಳಿದರು. ಕರ್ತವ್ಯವನ್ನು ಚೆನ್ನಾಗಿ ನೆರವೇರಿಸಿದುದರಿಂದಲೇ ಹಕ್ಕು ದೊರೆಯುವುದೆಂಬುದನ್ನು ಓದುಬರಹವಿಲ್ಲದ ವಿವೇಕವತಿಯಾದ ತಮ್ಮ ತಾಯಿಯಿಂದ ಕಲಿತೆನೆಂದು ಗಾಂಧೀಜಿ ಉತ್ತರ ಬರೆದರು. ಆ ಮಹಾತ್ಮರು ತಮ್ಮ ಧರ್ಮಸಂದೇಹಗಳ ನಿವಾರಣೆಗಾಗಿ ಆಶ್ರಯಿಸಿದವರಲ್ಲಿ ಮುಂಬಯಿಯ ಜೈನ ರತ್ನವ್ಯಾಪಾರಿ ಶ್ರೀಮದ್ ರಾಜಚಂದ್ರರು ಒಬ್ಬರು ಎಂಬುದನ್ನು ವ್ಯಾಪಾರಿಗಳಾದ ನಾವು ನೆನೆಯಬೇಕು.

ನಮ್ಮ ಶಾಸ್ತ್ರಗಳು ಆಹಾರ, ಔಷಧ, ಶಾಸ್ತ್ರ, ಅಭಯವೆಂದು ನಾಲ್ಕು ದಾನಗಳನ್ನು ಹೇಳಿವೆ. ಮೊದಲ ಮೂರನ್ನು ನಾವು ಯಥಾಶಕ್ತಿ ಮಾಡುತ್ತ ಬಂದಿದ್ದೇವೆ. ನಾಲ್ಕನೆಯದನ್ನು ಮಾತ್ರ ಪಶುಪಕ್ಷಿಗಳ ಪ್ರಾಣ ಉಳಿಸುವುದೆಂದಷ್ಟೇ ತಿಳಿದು ಮುಗಿಸಿಬಿಡುತ್ತೇವೆ. ‘ನೀನು ನನ್ನ ನಡುವೆ ಇರುವಾಗ ನಿನಗೆ ಭಯವಿಲ್ಲ’ ಎಂದು ಮತ್ತೊಬ್ಬ ಮನುಷ್ಯನಿಗೆ ಹೇಳುವುದೂ ಅಭಯದಾನವೇ. 1368ರಲ್ಲಿ ನಮ್ಮ ಹಿರಿಯರಿಗೆ ದೊರೆತದ್ದು ಈ ದಾನ. ಇಂದಿನವರು ಮಾನವ ಹಕ್ಕು ಎಂದು ಕರೆಯುವುದಕ್ಕೆ ನಮ್ಮ ಮನೆಮಾತಿನ ಹೆಸರು ಇದು ಎಂದು ನಾನು ಭಾವಿಸಿದ್ದೇನೆ. ದಾನವನ್ನು ಪಡೆದವನು ತನ್ನ ಕಾಲ ಬಂದಾಗ ಅದನ್ನು ಇನ್ನೊಬ್ಬರಿಗೆ ಕೊಡಬೇಕಲ್ಲವೇ?

ಹಾಗಾದರೆ ಅಂದು ನಮ್ಮ ಹಿರಿಯರು ನಿಂತಿದ್ದ ಸ್ಥಳದಲ್ಲಿ ಇಂದು ನಮ್ಮ ಎದುರಿಗೆ ನಿಂತಿರುವವರು ಯಾರು? ದೂರ ಹುಡುಕಬೇಕಾಗಿಲ್ಲ. ಬಟವಾಡೆಯ ದಿನ ಸಂಜೆ ನಮ್ಮ ಅಂಗಡಿಗಳ ಮುಂದೆ ನೋಡಿದರೆ ಸಾಕು. ನಮ್ಮ ಹಾಸನ, ಚಿಕ್ಕಮಗಳೂರು, ಕೊಡಗು ಸೀಮೆಯ ಕಾಫಿ ತೋಟಗಳಿಗೆ ಅಸ್ಸಾಮಿನಿಂದಲೂ ಉತ್ತರ, ಪೂರ್ವ ಭಾರತದ ಇತರ ರಾಜ್ಯಗಳಿಂದಲೂ ಕೂಲಿಗಾಗಿ ಕುಟುಂಬ ಸಮೇತರಾಗಿ ಬಂದಿರುವ ಜನರಿದ್ದಾರೆ. ಲೈನ್ ಮನೆಗಳಲ್ಲಿ ಇರುತ್ತಾರೆ. ಅವರ ಭಾಷೆ ನಮಗೆ ಬಾರದು, ನಮ್ಮ ಭಾಷೆ ಅವರಿಗೆ ಬಾರದು. ಅವರು ಬಂದ ಮೇಲೆ ನಮ್ಮ ಅಂಗಡಿಗಳಲ್ಲಿ ಸಾಸಿವೆ ಎಣ್ಣೆಯ ಡಬ್ಬಿಗಳು ಕಾಣಿಸಿಕೊಂಡವು. ಅವರು ಕೊಯ್ದ ಕಾಫಿಯನ್ನು ಇಟಲಿಯವರೂ ಜರ್ಮನಿಯವರೂ ಕುಡಿಯುತ್ತಾರೆ. ಹಿಂದೆ ಬೆಳೆಗಾರರೆಲ್ಲ ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಾಗಿತ್ತು. 1992ರಿಂದ ಆ ಕಟ್ಟು ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ಣವಾಗಿ ಬಿಡುಗಡೆಯಾಯಿತು. ಅಂದಿನಿಂದ ಅರಾಬಿಕಾದ ಧಾರಣೆಗೆ ನ್ಯೂಯಾರ್ಕನ್ನೂ ರೊಬಸ್ಟಾದ ಧಾರಣೆಗೆ ಲಂಡನ್ನನ್ನೂ ನೋಡುವುದು ನಮ್ಮ ಊರಿನ ವ್ಯಾಪಾರಿಗೂ ಅಭ್ಯಾಸವಾಗಿದೆ. ಜಾಗತೀಕರಣವೆಂಬ ದೊಡ್ಡ ಪದದ ಅರ್ಥ ನಮಗೆ ಇಷ್ಟೇ: ಕೊಳ್ಳುವವನು ಕಾಣದಷ್ಟು ದೂರ ಹೋದ, ದುಡಿಯುವವನು ಕಾಣದಷ್ಟು ದೂರದಿಂದ ಬಂದ, ನಡುವೆ ನಾವು ನಿಂತಿದ್ದೇವೆ.

ನಡುವೆ ನಿಂತವನ ಧರ್ಮವೇನು? ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳನ್ನು ಎಣಿಸಿದ್ದಾರೆ. ದಶಲಕ್ಷಣ ಪರ್ವದಲ್ಲಿ ಪ್ರತಿವರ್ಷ ನಾವು ಅವುಗಳನ್ನು ಕೇಳುತ್ತೇವೆ. ಅಹಿಂಸಾಣುವ್ರತದ ಅತಿಚಾರಗಳು ಐದು: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಅತಿಭಾರ ಹೊರಿಸುವುದು, ಅನ್ನಪಾನವನ್ನು ತಡೆಯುವುದು. ಅಚೌರ್ಯಕ್ಕೆ ಸೇರಿದವುಗಳಲ್ಲಿ ಕಡಿಮೆ ಹೆಚ್ಚು ತೂಕ ಅಳತೆಗಳನ್ನು ಇಟ್ಟುಕೊಳ್ಳುವುದು, ಒಳ್ಳೆಯದರಲ್ಲಿ ಕೀಳನ್ನು ಬೆರೆಸಿ ಮಾರುವುದು ಇವೆ. ಸತ್ಯಕ್ಕೆ ಸೇರಿದವುಗಳಲ್ಲಿ ಸುಳ್ಳು ಪತ್ರ ಬರೆಯುವುದು, ಇಟ್ಟ ನಿಕ್ಷೇಪವನ್ನು ಅಪಹರಿಸುವುದು ಇವೆ. ಇವುಗಳನ್ನು ಒಮ್ಮೆ ಇಂದಿನ ಮಾತಿನಲ್ಲಿ ಹೇಳಿ ನೋಡಿ. ಮುಂಗಡ ಕೊಟ್ಟೆನೆಂದು ಕೂಲಿಯವನನ್ನು ಊರಿಗೆ ಹೋಗಗೊಡದಿರುವುದು ಕಟ್ಟಿಹಾಕಿದಂತಲ್ಲವೇ? 1976ರಲ್ಲಿ ಸಂಸತ್ತು ಜೀತಪದ್ಧತಿಯನ್ನು ರದ್ದುಪಡಿಸಿದ್ದು ಇದೇ ದೋಷಕ್ಕಾಗಿ. ಹಮಾಲಿಯ ಬೆನ್ನಿನ ಮೇಲೆ ಅವನು ಹೊರಲಾರದ ಮೂಟೆಯನ್ನು ಹಾಕುವುದು ಅತಿಭಾರಾರೋಪಣ. ದುಡಿಯುವ ಸ್ಥಳದಲ್ಲಿ ಕುಡಿಯುವ ನೀರಿಲ್ಲದಂತೆ ಮಾಡುವುದು, ಕೂಲಿಯನ್ನು ವಾರಗಟ್ಟಲೆ ತಡೆದು ಅವನ ಮಕ್ಕಳನ್ನು ಉಪವಾಸವಿಡುವುದು ಅನ್ನಪಾನನಿರೋಧ. ಓದಲು ಬಾರದವನಿಂದ ಹೆಚ್ಚಿನ ಲೆಕ್ಕಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಕೂಟಲೇಖ. 1948ರ ಘೋಷಣೆಯ 23 ಮತ್ತು 24ನೆಯ ವಿಧಿಗಳು ನ್ಯಾಯವಾದ ಕೂಲಿ, ವಿಶ್ರಾಂತಿಗಳ ಹಕ್ಕನ್ನು ಹೇಳುತ್ತವೆ. ಅವರು ದುಡಿಯುವವನ ಕಡೆಯಿಂದ ಹಕ್ಕು ಎಂದು ಬರೆದರು. ನಮ್ಮ ಆಚಾರ್ಯರು ದುಡಿಸಿಕೊಳ್ಳುವವನ ಕಡೆಯಿಂದ ವ್ರತ ಎಂದು ಬರೆದರು. ತಕ್ಕಡಿಯ ತಟ್ಟೆ ಎರಡು, ದಂಡಿಗೆ ಒಂದೇ.

ನಿಕ್ಷೇಪದ ವಿಷಯದಲ್ಲಿ ಒಂದು ಮಾತು. ಬ್ಯಾಂಕಿನ ವ್ಯವಹಾರ ಗೊತ್ತಿಲ್ಲದ ಕೂಲಿಯವರು ಬಟವಾಡೆಯಾದ ಹಣದಲ್ಲಿ ಅಷ್ಟಿಷ್ಟನ್ನು ಅಂಗಡಿಯವರ ಬಳಿ ಇಟ್ಟು, ಊರಿಗೆ ಹೋಗುವಾಗ ಕೇಳುವ ರೂಢಿ ಮಲೆನಾಡಿನಲ್ಲಿ ಹಿಂದಿನಿಂದಲೂ ಇದೆ. ನಮ್ಮ ತಂದೆಯವರು ಇದಕ್ಕಾಗಿ ಬೇರೆಯೇ ಒಂದು ಪುಸ್ತಕವನ್ನು ಇಟ್ಟಿದ್ದರು. ಆಳು ಬಂದು ತಾನು ಇಟ್ಟದ್ದಕ್ಕಿಂತ ಕಡಿಮೆ ಮೊತ್ತವನ್ನು ಹೇಳಿದರೆ, ಪುಸ್ತಕ ತೆಗೆದು ಅವನ ಮುಂದೆ ಓದಿ, ಪೂರ್ತಿ ಎಣಿಸಿ ಕೊಡುತ್ತಿದ್ದರು. ‘ಅವನೇ ಅಷ್ಟು ಎಂದ ಮೇಲೆ ನಮ್ಮದೇನು ತಪ್ಪು?’ ಎಂದು ನಾನು ಬಾಲ್ಯದಲ್ಲಿ ಕೇಳಿದ್ದುಂಟು. ತಂದೆಯವರು, ‘ಮಗೂ, ಅವನು ಮರೆತಿದ್ದಾನೆ, ಪುಸ್ತಕ ಮರೆತಿಲ್ಲ’ ಎಂದರು. ಇಟ್ಟವನು ಸಂಖ್ಯೆಯನ್ನು ಮರೆತು ಕಡಿಮೆ ಕೇಳಿದಾಗ ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದೇ ನ್ಯಾಸಾಪಹಾರವೆಂದು ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆಂಬುದು ಎಷ್ಟೋ ವರ್ಷಗಳ ನಂತರ ಒಬ್ಬ ಪಂಡಿತರ ಪ್ರವಚನದಿಂದ ನನಗೆ ತಿಳಿಯಿತು. ಹದಿನಾಲ್ಕು ಹದಿನೈದು ಶತಮಾನಗಳ ಹಿಂದಿನ ಆಚಾರ್ಯರು ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಕಣ್ಣಾರೆ ಕಂಡಂತೆ ಬರೆದಿದ್ದಾರೆ.

ಈ ನೀತಿ ನಮ್ಮ ಒಬ್ಬರದೇ ಸೊತ್ತಲ್ಲ. 1893ರಲ್ಲಿ ಷಿಕಾಗೋ ನಗರದಲ್ಲಿ ಸೇರಿದ ವಿಶ್ವಧರ್ಮ ಸಮ್ಮೇಳನದಲ್ಲಿ ವೀರಚಂದ ಗಾಂಧಿಯವರು ಜೈನಧರ್ಮವನ್ನು ಪ್ರತಿನಿಧಿಸಿದ್ದರು. ಅದಾದ ನೂರು ವರ್ಷಗಳಿಗೆ, 1993ರಲ್ಲಿ, ಅದೇ ನಗರದಲ್ಲಿ ನಾನಾ ಧರ್ಮಗಳವರು ಮತ್ತೆ ಕಲೆತು ‘ಜಾಗತಿಕ ನೀತಿ’ಯ ಘೋಷಣೆಯನ್ನು ಹೊರಡಿಸಿದರು. ಅದರ ಕರಡನ್ನು ಸಿದ್ಧಪಡಿಸಿದವರು ಹಾನ್ಸ್ ಕ್ಯುಂಗ್ ಎಂಬ ಕ್ರೈಸ್ತ ಪಂಡಿತರು. ಅಹಿಂಸೆ ಮತ್ತು ಜೀವಗೌರವ, ನ್ಯಾಯವಾದ ಆರ್ಥಿಕ ವ್ಯವಸ್ಥೆ, ಸಹನೆ ಮತ್ತು ಸತ್ಯನಿಷ್ಠೆ, ಸ್ತ್ರೀಪುರುಷರ ಸಮಾನತೆ ಎಂಬ ನಾಲ್ಕು ಸಂಕಲ್ಪಗಳು ಅದರಲ್ಲಿದ್ದವು. ನಮ್ಮ ಅಣುವ್ರತಗಳನ್ನು ಅವುಗಳ ಪಕ್ಕದಲ್ಲಿಟ್ಟು ನೋಡಿದರೆ ಅಪರಿಚಿತವೆನಿಸುವುದು ಬಹಳ ಕಡಿಮೆ.

ಆದರೆ ಘೋಷಣೆಗಳು ಎಲ್ಲಿ ಸೋಲುತ್ತವೆ ಎಂಬುದನ್ನೂ ನೋಡಬೇಕು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ನಗರದ ಬಳಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು, ಅದರಲ್ಲಿದ್ದ ಸಿದ್ಧ ಉಡುಪಿನ ಕಾರ್ಖಾನೆಗಳ 1,100ಕ್ಕೂ ಹೆಚ್ಚು ಕಾರ್ಮಿಕರು ಮಡಿದರು. ಹಿಂದಿನ ದಿನವೇ ಗೋಡೆ ಕಂಬಗಳಲ್ಲಿ ಬಿರುಕು ಕಂಡಿತ್ತು. ಆದರೂ ಅವರನ್ನು ಮರುದಿನ ಕೆಲಸಕ್ಕೆ ಕರೆಯಲಾಯಿತು. ಅವರು ಹೊಲಿಯುತ್ತಿದ್ದ ಬಟ್ಟೆಗಳು ಯುರೋಪು ಅಮೆರಿಕಗಳ ಅಂಗಡಿಗಳಿಗೆ ಹೋಗುತ್ತಿದ್ದವು. ಕೊಂಡವನಿಗೆ ಹೊಲಿದವಳ ಮುಖ ತಿಳಿಯದು. ಮಾರಿದವನು ತಾನು ಕಟ್ಟಡ ಕಟ್ಟಿದವನಲ್ಲ ಎಂದ. ಹೀಗೆ ಹೊಣೆಯು ಕೈಯಿಂದ ಕೈಗೆ ಜಾರುತ್ತ ಕೊನೆಗೆ ಯಾರ ಕೈಯಲ್ಲಿಯೂ ಉಳಿಯಲಿಲ್ಲ. ಈಗ ಕೊಳ್ಳುವ ದೇಶಗಳು ಪ್ರಶ್ನಿಸಲು ಆರಂಭಿಸಿವೆ. 2020ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ತಮ್ಮಲ್ಲಿ ಮಾರಬಾರದೆಂದು ಯುರೋಪಿನ ಒಕ್ಕೂಟವು 2023ರಲ್ಲಿ ಕಾನೂನು ಮಾಡಿದೆ. ಇದು ಯಾವ ತೋಟದ ಕಾಫಿ ಎಂದು ಇಂದು ಕೇಳುವವರು ಇದು ಯಾರ ಕೈ ಕೊಯ್ದ ಕಾಫಿ, ಆ ಕೈಗೆ ಏನು ಸಿಕ್ಕಿತು ಎಂದು ನಾಳೆ ಕೇಳಬಹುದು. ಪರದೇಶದವರು ಕೇಳುವ ಮುನ್ನ ನಮ್ಮ ಅಂತಃಕರಣ ಕೇಳಿದರೆ ನಮಗೆ ಗೌರವ.

‘ಇದೆಲ್ಲ ಸರ್ಕಾರದ ಕೆಲಸ, ಅವರು ಹೊರಗಿನವರು, ಇಂದು ಇದ್ದು ನಾಳೆ ಹೋಗುವವರು, ಯಾವ ದೇಶದವರೋ ಯಾರು ಬಲ್ಲರು’ ಎಂದು ನಮ್ಮಲ್ಲಿ ಕೆಲವರು ಹೇಳುವುದನ್ನು ಕೇಳಿದ್ದೇನೆ. ಕಾಗದ ಪತ್ರಗಳನ್ನು ಪರಿಶೀಲಿಸುವುದು ಸರ್ಕಾರದ ಕೆಲಸವೇ ಸರಿ, ಅದನ್ನು ಕಾನೂನಿನ ಪ್ರಕಾರ ಅಧಿಕಾರಿಗಳು ಮಾಡಲಿ. ಆದರೆ ಮುಖ ನೋಡಿ, ಮಾತು ಕೇಳಿ, ಅನುಮಾನಿಸಿ ಬಾಯಿಗೆ ಬಂದಂತೆ ಆಡುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ. ಕಲ್ಲೇಹದ ಜೈನರನ್ನೂ ಅಂದು ಕೆಲವರು ಹೀಗೆಯೇ ನೋಡಿರಬೇಕು. ಮೇಲಾಗಿ, ತೂಕದಲ್ಲಿ ಮೋಸವಾಗದಿರುವ ಹಕ್ಕಿಗೆ ಯಾವ ರಹದಾರಿಯೂ ಬೇಕಾಗಿಲ್ಲ. ಒಂದು ಕಿಲೋ ಎಂದರೆ ನಮ್ಮವನಿಗೂ ಹೊರಗಿನವನಿಗೂ ಸಾವಿರ ಗ್ರಾಂ.

ಆದಕಾರಣ ಈ ಮಹೋತ್ಸವದ ಸಂದರ್ಭದಲ್ಲಿ ಸಮಾಜದ ಮುಂದೆ ಮೂರು ಸಣ್ಣ ಬಿನ್ನಹಗಳನ್ನು ಮಾಡುತ್ತೇನೆ. ಮೊದಲನೆಯದು, ಈ ಬಸದಿಯ ಕೆಲಸದಲ್ಲಿ ದುಡಿದ ಶಿಲ್ಪಿ, ಗಾರೆಯವರು, ಕಲ್ಲು ಮಣ್ಣು ಹೊತ್ತ ಹೆಂಗಸರು, ಪೆಂಡಾಲಿನವರು, ಅಡಿಗೆಯವರು ಇವರೆಲ್ಲರ ಲೆಕ್ಕವನ್ನು ಅಂತಿಮ ಅಭಿಷೇಕಕ್ಕೆ ಮುನ್ನ ಪೂರ್ತಿ ಚುಕ್ತಾ ಮಾಡಬೇಕು. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದು ಆಮೇಲಾದರೂ ಆಗಬಹುದು. ಕೂಲಿ ಬಾಕಿಯಿರುವ ಬಸದಿಯಲ್ಲಿ ಕಲಶ ಏರಬಾರದು. ಎರಡನೆಯದು, ನಮ್ಮ ವ್ಯಾಪಾರಿಗಳೆಲ್ಲರೂ ಅಂಗಡಿಯ ಮುಂದೆ ಬೆಲೆಯ ಹಲಗೆಯನ್ನು ಹಾಕಿ, ಕನ್ನಡದ ಜೊತೆಗೆ ಆ ಜನರು ಓದಬಲ್ಲ ಲಿಪಿಯಲ್ಲಿಯೂ ಬರೆಸಬೇಕು. ಉದ್ರಿಗೆ ಕೊಟ್ಟದ್ದನ್ನೂ ನಂಬಿ ಇಟ್ಟದ್ದನ್ನೂ ಎರಡು ಪುಸ್ತಕಗಳಲ್ಲಿ ಬರೆದು ಒಂದನ್ನು ಅವರ ಕೈಗೆ ಕೊಡಬೇಕು. ಅಂಗಡಿಯ ಜಗಲಿಯಲ್ಲಿ ಒಂದು ಬೆಂಚು, ಒಂದು ಕೊಡ ಕುಡಿಯುವ ನೀರು ಇರಬೇಕು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಮೂರನೆಯದು, ಈ ಮಹೋತ್ಸವದ ಅನ್ನಸಂತರ್ಪಣೆಗೆ ತೋಟದ ಲೈನ್‌ಗಳಲ್ಲಿರುವ ಆ ಕುಟುಂಬಗಳನ್ನೂ ಕರೆಯಬೇಕು. ಉಳಿದದ್ದನ್ನು ಕೊನೆಯಲ್ಲಿ ಪಾತ್ರೆಗೆ ಹಾಕಿ ಕಳಿಸುವ ಮಾತಲ್ಲ ಇದು. ನಮ್ಮ ಜೊತೆ, ನಮ್ಮ ಪಂಕ್ತಿಯಲ್ಲಿ, ಬಾಳೆಯೆಲೆ ಹಾಕಿ ಬಡಿಸಬೇಕು. ಜಿನಭಗವಂತನ ಸಮವಸರಣದಲ್ಲಿ ಪಶುಪಕ್ಷಿಗಳಿಗೂ ಸ್ಥಳವಿತ್ತೆಂದು ಪುರಾಣದಲ್ಲಿ ಕೇಳಿದ ನಾವು ಮನುಷ್ಯರಿಗೆ ಸ್ಥಳವಿಲ್ಲವೆನ್ನಲಾಗದು.

ಈ ಕಾರ್ಯದಲ್ಲಿ ನಮಗೆ ನೆರವಾಗಿ ನಿಂತಿರುವ ಊರಿನ ಲಿಂಗಾಯತ, ಒಕ್ಕಲಿಗ, ಬ್ರಾಹ್ಮಣ, ದಲಿತ, ಮುಸಲ್ಮಾನ, ಕ್ರೈಸ್ತ ಬಾಂಧವರೆಲ್ಲರಿಗೂ ಸಮಾಜದ ಪರವಾಗಿ ಕೃತಜ್ಞತೆಯನ್ನು ಅರ್ಪಿಸುತ್ತೇನೆ. ತಾವು ಹೊತ್ತಿರುವುದು ಹಿಂದೆ ಈ ನಾಡಿನ ಹಿರಿಯರು ಕಲ್ಲಿನ ಮೇಲೆ ಬರೆದುಕೊಟ್ಟ ಹೊಣೆ. ಅದೇ ಹೊಣೆಯನ್ನು ಬೇರೆಯವರಿಗಾಗಿ ಹೊರುವ ಶಕ್ತಿಯನ್ನು ಭಗವಾನ್ ಪಾರ್ಶ್ವನಾಥ ಸ್ವಾಮಿಯು ನಮಗೆ ಅನುಗ್ರಹಿಸಲಿ.  ಸಕಲ ಜೀವಿಗಳಿಗೂ ಸನ್ಮಂಗಳವಾಗಲಿ.

ಜಯ ಜಿನೇಂದ್ರ.